ಎಣ್ಣೆ ಹಚ್ಚದ ಎಡಗೈ

ಮೈಮೇಲೆ ಬರುವುದು, ಒಬ್ಬರೇ ಎರಡು ಕಡೆ ಕಾಣಿಸಿಕೊಳ್ಳುವುದು, ಇಂಥದ್ದನ್ನು ಹೇಳುವವರನ್ನು ನಾನು ನಕ್ಕು ಸುಮ್ಮನಾಗಿಸುತ್ತಿದ್ದೆ. ರಾಣೆಬೆನ್ನೂರಿನ ಶಾಲೆಯಲ್ಲಿ ವಿಜ್ಞಾನ ಕಲಿಸುವವಳು ಬೇರೇನು ಮಾಡಿಯಾಳು?

ತೊಂಬತ್ತರ ದಶಕದ ಮಾತು. ಎಡಗೈಗೆ ಹಿಡಿದ ಜೋಮು ಬಿಡದೆ ಹೋದಾಗ ಬೆಂಗಳೂರಿನಲ್ಲಿ ತಲೆಯ ಸ್ಕ್ಯಾನ್ ಮಾಡಿಸಿದೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರು. ನರಗಳ ಹೊದಿಕೆ ಸವೆದಲ್ಲೆಲ್ಲ ಬಿಳಿ ಕಲೆಗಳು. ಮಿದುಳು ತುಸು ಕುಗ್ಗಿ ನಡುವಿನ ಪೊಳ್ಳು ಅಗಲವಾಗಿದೆ, ನೆನಪು ಜಾರಬಹುದು ಎಂದರು ಡಾಕ್ಟರು. ಯಾರಿಗೂ ಹೇಳಲಿಲ್ಲ. ಪಾಠದ ನಡುವೆ ಪದ ಸಿಗದಿದ್ದರೆ ಕೆಮ್ಮುತ್ತಿದ್ದೆ. ಮರೆಯುವ ಟೀಚರಿಗೆ ತರಗತಿ ಯಾರು ಕೊಡುತ್ತಾರೆ?

ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಹಾವೇರಿಯ ಬಸ್ಸು ಹತ್ತಿದ್ದು ನೆನಪಿದೆ. ಆಮೇಲೆ ನೆನಪಿರುವುದು ಬ್ಯಾಡಗಿಯ ಒಂದು ಅಂಗಳ. ಗುರುತಿಲ್ಲದ ಹೆಂಗಸರ ನಡುವೆ ಕೂತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದೆ. ಮಡಿಲ ತುಂಬ ತೊಟ್ಟು.

"ಯಾಕ ಸುಮ್ಮನಾದ್ರಿ ಅಕ್ಕೋರ? ನಿನ್ನಿ ಬಾಯಿಗೆ ಬಿಡುವ ಇರಲಿಲ್ಲ ನಿಮಗ," ಎಂದಳು ಪಕ್ಕದ ಮುದುಕಿ.

"ಇಲ್ಲಬೇ, ನಾ ಬಂದಿದ್ದ ಇವತ್ತ."

"ಕೇಳ್ರಿ ಇವರ ಮಾತು!" ಇನ್ನೊಬ್ಬಳೆಂದಳು. "ಅಕ್ಕೋರ ಹಿಂಗ ಮರತ್ರ ಸಾಲಿ ಹುಡುಗೂರ ಗತಿ ಏನ?"

ಎಲ್ಲರೂ ನಕ್ಕರು. ನಿನ್ನೆ, ಶುಕ್ರವಾರ, ನಾನು ಎಂಟನೆಯ ತರಗತಿಗೆ ಜೀವಕೋಶದ ಪಾಠ ಮಾಡಿದ್ದೆ. ಬೋರ್ಡಿನ ಮೇಲೆ ಚಿತ್ರವನ್ನೂ ಬರೆದಿದ್ದೆ.

ಕೆಲಸ ಮುಗಿಯಿತು. ಖಾರದ ಉರಿ ಆರಲೆಂದು ಎಲ್ಲರೂ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡರು. ಮುದುಕಿ ನನ್ನ ಬಲಗೈ ಹಿಡಿದು ತಿಕ್ಕಿದಳು. ಎಡಗೈಯನ್ನೂ ಚಾಚಿದೆ. ಅದನ್ನು ಮೆಲ್ಲಗೆ ಮರಳಿ ನನ್ನ ಮಡಿಲಲ್ಲೇ ಇಟ್ಟಳು.

"ಇದಕ್ಕ ಉರಿನ ಹತ್ತಂಗಿಲ್ಲ ಅಂತ ನಿನ್ನಿ ನೀವ ಹೇಳೀರಲ್ಲ."

ಈಗ ಯಾರೂ ನಗಲಿಲ್ಲ. ಅದು ನಗೆಗಿಂತ ಕೆಟ್ಟದಾಗಿತ್ತು. ಸೆರಗಿನಲ್ಲಿ ಕೈ ಮುಚ್ಚಿಕೊಂಡು, ತಲೆ ಎತ್ತದೆ ಬಸ್ ಸ್ಟ್ಯಾಂಡಿಗೆ ನಡೆದೆ.

ಆ ಅಂಗಳ ನನಗೆ ಇವತ್ತಿಗೂ ಸ್ಪಷ್ಟವಾಗಿ ಕಾಣುತ್ತದೆ. ಅನುಮಾನ ಬರುವುದೇ ಅದಕ್ಕೆ. ನನ್ನ ಬೇರೆ ಯಾವ ನೆನಪೂ ಇಷ್ಟು ನೆಟ್ಟಗೆ ನಿಲ್ಲುವುದಿಲ್ಲ.

ಸೋಮವಾರ ಸ್ಟಾಫ್ ರೂಮಿನಲ್ಲಿ ಪಕ್ಕದ ಕುರ್ಚಿಯ ಗೆಳತಿಯನ್ನು ಒಂದೇ ಮಾತು ಕೇಳಿದ್ದರೆ ಸಾಕಿತ್ತು: ಶುಕ್ರವಾರ ನಾನು ಶಾಲೆಗೆ ಬಂದಿದ್ದೆನೇ? ಆದರೆ ಕೇಳಿದರೆ ನನ್ನ ಮರೆವೂ ಬಯಲಾಗುತ್ತಿತ್ತು. ಬಾಯಿ ತೆರೆದೆ. ಕೆಮ್ಮಿದೆ.

"ನೀರ ಕುಡೀರಿ," ಎಂದು ಆಕೆ ಲೋಟ ಚಾಚಿದಳು. ಅವಳಿಗೆ ಹತ್ತಿರವಿದ್ದ ನನ್ನ ಎಡಗೈಯನ್ನು ದಾಟಿಸಿ, ಬಲಗೈಗೆ ಕೊಟ್ಟಳು. ಪದ್ಧತಿಗೋ, ಗೊತ್ತಿದ್ದೋ? ಅದನ್ನೂ ನಾನು ಕೇಳಲಿಲ್ಲ.