ಹೊತ್ತು ಮುಳುಗುವ ಮುಂಚಿನ ಗುಳಿಗೆ

ಬೆಕ್ಕು ಕೆರೆದುಕೊಳ್ಳುವ ಸದ್ದು ಕೇಳಿದರೆ ನನಗೆ ಇವತ್ತಿಗೂ ಎಲ್ಲಿಲ್ಲದ ಸಮಾಧಾನ. ಉಳಿದಂತೆ ನಾನು ಶುದ್ಧ ಪುಕ್ಕಲ. ಗುಡುಗಿಗೆ ಅಂಜುತ್ತೇನೆ, ಕೊಗನೊಳ್ಳಿಯ ಹೆದ್ದಾರಿ ದಾಟಲು ಅಂಜುತ್ತೇನೆ, ಎಲ್ಲಕ್ಕಿಂತ ಹೆಚ್ಚಾಗಿ ‘ಅಂಜಬ್ಯಾಡ್ರಿ’ ಎನ್ನುವ ಡಾಕ್ಟರರಿಗೆ ಅಂಜುತ್ತೇನೆ.

ಎಂಬತ್ತರ ದಶಕದ ಕೊನೆಯಲ್ಲಿ ಸದಲಗಾದ ನಮ್ಮ ಮನೆಯ ಬೆಕ್ಕು ಸೋನಿ ಕುತ್ತಿಗೆಯನ್ನು ರಕ್ತ ಬರುವಂತೆ ಕೆರೆದುಕೊಳ್ಳತೊಡಗಿತು. ಪಕ್ಕದ ಮನೆಯ ಗೌರಕ್ಕ, ಹೇನಾಗಿರಬೇಕು, ಎಮ್ಮೆಗೆ ಹಚ್ಚುವಂತೆ ಇದಕ್ಕೂ ತಂಬಾಕಿನ ನೀರು ಹಚ್ಚಿರಿ ಎಂದಳು. ನಿಪ್ಪಾಣಿ ಸೀಮೆಯಲ್ಲಿ ತಂಬಾಕಿಗೆ ಬರವೇ? ಆದರೆ ನಮ್ಮದು ಜೈನರ ಮನೆ. “ಹೇನು ಸಾಯ್ತಾವಲ್ಲ, ಅವೇನ ಜೀವ ಅಲ್ಲೇನು?” ಎಂದಳು ಅವ್ವ. ನಾನು ಸೋನಿಯನ್ನು ಕೈಚೀಲದಲ್ಲಿ ಕೂರಿಸಿಕೊಂಡು ದನದ ದವಾಖಾನೆಗೆ ಹೋದೆ.

“ತಂಬಾಕ ಹಚ್ಚಲಿಲ್ಲ, ಛಲೋ ಆತು. ಮೈ ನೆಕ್ಕೊಂಡು ಸಾಯತಿತ್ತು,” ಎಂದರು ಡಾಕ್ಟರು. “ಇದು ಅಲರ್ಜಿ. ಮನಷ್ಯಾರ ಗುಳಿಗಿನ ಐತಿ, ದಿನಕ್ಕೊಮ್ಮೆ ಅರ್ಧ ಕೊಡ್ರಿ. ನಿದ್ದಿ ಭಾಳ ಬರತೈತಿ, ಅಂಜಬ್ಯಾಡ್ರಿ.”

ನಿರುಪದ್ರವಿ ಧೂಳನ್ನೋ ಮತ್ತೊಂದನ್ನೋ ಮೈ ಶತ್ರುವೆಂದು ತಿಳಿದು ಹಿಸ್ಟಮಿನ್ ಎಂಬುದನ್ನು ಹೊರಬಿಡುತ್ತದಂತೆ. ಆ ಗದ್ದಲಕ್ಕೇ ತುರಿಕೆ. ಗುಳಿಗೆ ಅದನ್ನು ತಡೆಯುತ್ತದೆ. ಇಲ್ಲದ ಶತ್ರುವಿಗೆ ಬೆದರುವುದು ನನ್ನದೇ ಗುಣವಾದ್ದರಿಂದ ಸೋನಿಯ ಮೇಲೆ ಅಕ್ಕರೆ ಇನ್ನಷ್ಟು ಹೆಚ್ಚಿತು.

ಹೊತ್ತು ಮುಳುಗಿದ ಮೇಲೆ ಅವ್ವ ಹನಿ ನೀರೂ ಮುಟ್ಟುವವಳಲ್ಲ. ಆ ನೇಮವನ್ನು ಬೆಕ್ಕಿಗೂ ಹಾಕಿದ್ದಳು. ಗುಳಿಗೆ ಕೊಡುವುದು ನನ್ನ ಕೆಲಸ, ಆದರೆ ಸೂರ್ಯನಿರುವಾಗಲೇ. ಒಂದು ಸಂಜೆ ಚಿಕ್ಕೋಡಿಯ ಬಸ್ಸು ತಡವಾಯಿತು. ಇಳಿದವನೇ ಓಡೋಡಿ ಬಂದು, ಬೆಣ್ಣೆಯಲ್ಲಿ ಗುಳಿಗೆ ಅದ್ದಿ ಸೋನಿಗೆ ನುಂಗಿಸಿ, ಗೆದ್ದೆನೆಂದು ಕಿಟಕಿಯತ್ತ ನೋಡಿದೆ. ಸೂರ್ಯ ಇನ್ನೂ ಚೂರು ಉಳಿದಿದ್ದ. ಆಗ ಬಸದಿಯಿಂದ ಬಂದ ಅವ್ವ ಬಾಗಿಲಲ್ಲೇ ನಿಂತಳು. “ಯಪ್ಪಾ, ನೀ ಬರೂದ ತಡಾ ಆತಂತ ನಾ ಆಗಲೇ ಕೊಟ್ಟ ಹೋಗಿದ್ನೆಲ್ಲೊ!”

ಸೋನಿ ಮಲಗಿತು. ಕರೆದರೆ ಕಿವಿ ಅಲುಗಿಸಲಿಲ್ಲ. ಮನೆಯಲ್ಲಿ ಫೋನಿಲ್ಲ, ದವಾಖಾನೆಗೆ ಬೀಗ, ಡಾಕ್ಟರು ತಮ್ಮೂರಿಗೆ ಹೋಗಿಬಿಟ್ಟಿದ್ದರು. ಗೌರಕ್ಕ ಬಂದು ನೋಡಿ, “ಬೆಕ್ಕ ಸತ್ರ ಕಾಶಿಗೆ ಬಂಗಾರದ ಬೆಕ್ಕ ಒಪ್ಪಸಬೇಕಂತ್ರಿ,” ಎಂದು ಧೈರ್ಯ ಹೇಳಿದಳು! ಕಾಶಿಯನ್ನು ನಂಬುವ ಅವರಿಗಾದರೂ ಪಾಪ ಕಳೆಯಲು ಆ ದಾರಿ ಇತ್ತು, ಜೈನರಾದ ನಮಗೆ ಅದೂ ಇಲ್ಲ. ಹೇನಿನ ಜೀವಕ್ಕೂ ಮರುಗಿದ ಅವ್ವ, “ನಮ್ಮ ಕೈಲೇ ಹೋತೇನೋ,” ಎಂದು ಬೆಕ್ಕಿನ ಪಕ್ಕ ಕುಳಿತು ಣಮೋಕಾರ ಮಂತ್ರ ಹೇಳತೊಡಗಿದಳು. ನಾನು ಅದರ ಹೊಟ್ಟೆಯ ಮೇಲೆ ಕೈಯಿಟ್ಟು ಕುಳಿತೆ. ಉಸಿರು ನಿಂತಿತೆಂದು ಮತ್ತೆ ಮತ್ತೆ ಅನ್ನಿಸುತ್ತಿತ್ತು. ಅಷ್ಟು ಹೆದರಿಕೆ ನನಗೆ ಯಾರ ಕಾಯಿಲೆಯಲ್ಲೂ ಆಗಿರಲಿಲ್ಲ.

ದೀಪ ಹಚ್ಚಿ ಬಹಳ ಹೊತ್ತಾಗಿತ್ತು. ಸೋನಿಯ ಹಿಂಗಾಲು ಸುಮ್ಮನೆ ಒಮ್ಮೆ ನಡುಗಿತು. ಆಮೇಲೆ ನಿಧಾನವಾಗಿ ಮೇಲೆದ್ದು ಕುತ್ತಿಗೆಯ ಬಳಿ ಹೋಗಿ ಕರಕರ ಕೆರೆಯಿತು.

“ಕೆರಕೋ ನಮ್ಮವ್ವಾ, ಬೇಕಾದಷ್ಟ ಕೆರಕೋ!” ಎಂದು ಅವ್ವ ಅತ್ತೇಬಿಟ್ಟಳು.

ಸೋನಿ ತೂರಾಡುತ್ತ ಎದ್ದು ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು ಹಾಲಿಗೆ ಕೂಗಿತು. ಹೊರಗೆ ಕಗ್ಗತ್ತಲು. ಅವ್ವ ಕಿಟಕಿಯನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು. ಎದ್ದು ಹೋಗಿ ಕಿಟಕಿ ಮುಚ್ಚಿ, ಬಟ್ಟಲಿಗೆ ಹಾಲು ಸುರಿದಳು.