ವಿಗೋ ಬರೆದ ಏಳನೇ ನಿಯಮ

ನೋರ್‌ಹಾವ್ನ್ ದೋಣಿ ಸಂಘದಲ್ಲಿ ವಿಗೋಗಿಂತ ಹಳಬರು ಯಾರೂ ಇರಲಿಲ್ಲ. ಇಪ್ಪತ್ತೆರಡಕ್ಕೆ ಸೇರಿದವನಿಗೆ ಈಗ ಎಂಬತ್ತೊಂದು. ದಡದ ಮೇಲಿನ ದೋಣಿಮನೆಯನ್ನು ಮೂರು ಬೇಸಿಗೆಯ ರಜೆ ಸವೆಸಿ ಕಟ್ಟಿದ ಬಡಗಿ ಅವನೇ. ಚಳಿಗಾಲ ಬಂತೆಂದರೆ ಮರದ ದೋಣಿಗಳನ್ನೆಲ್ಲ ಅದರೊಳಗೆ ಎಳೆದಿಟ್ಟು, ನೀರು ಇಳಿಯದಂತೆ ಟಾರು ಬಳಿಯಬೇಕು. ಹೆಂಡತಿ ಇಂಗರ್ ಹೋದ ಮೇಲೆ ಮನೆ ಬಿಕೋ ಎನ್ನುತ್ತಿತ್ತು. ಅವನ ಹಗಲೆಲ್ಲ ದೋಣಿಮನೆಯಲ್ಲೇ ಕಳೆಯುತ್ತಿತ್ತು.

ಸಂಘದಲ್ಲಿ ಸ್ವಂತ ದೋಣಿಯುಳ್ಳವರು ಪೂರ್ಣ ಸದಸ್ಯರು. ಮತ ಅವರಿಗೆ ಮಾತ್ರ, ಸಭೆಯಲ್ಲಿ ಎತ್ತಲು ಹಳದಿ ಚೀಟಿಯೂ ಅವರಿಗೇ. ದೋಣಿಯಿಲ್ಲದ ಬೆಂಬಲಿಗ ಸದಸ್ಯರು ಮಾತಾಡಬಹುದು, ಮತ ಹಾಕುವಂತಿಲ್ಲ. ದೋಣಿಯಿದ್ದರೂ ಗೌರವ ಸದಸ್ಯರಿಗೆ ಮತವಿಲ್ಲ ಎನ್ನುತ್ತದೆ ಏಳನೇ ನಿಯಮ. ಅದನ್ನು ಬರೆದವನು ವಿಗೋ. ನಲವತ್ತು ವರ್ಷದ ಹಿಂದೆ ಮೀನಿನ ಕಾರ್ಖಾನೆಯ ಯಜಮಾನನೊಬ್ಬ ಸಂಘಕ್ಕೆ ದೋಣಿ ನಿಲ್ಲಿಸುವ ಕಲ್ಲಿನ ಕಟ್ಟೆ ಕಟ್ಟಿಸಿಕೊಟ್ಟು, ಎಲ್ಲದರಲ್ಲೂ ಮೂಗು ತೂರಿಸತೊಡಗಿದ್ದ. "ಅವನಿಗೆ ಮರ್ಯಾದೆ ಕೊಡೋಣ, ಮತ ಬೇಡ," ಎಂದಿದ್ದ ವಿಗೋ. ಎಲ್ಲರೂ ನಕ್ಕು ಕೈಯೆತ್ತಿದ್ದರು.

ಈ ಮಾರ್ಚಿನ ವಾರ್ಷಿಕ ಸಭೆಗೆ ಒಂದು ಪ್ರಸ್ತಾವ ಬಂದಿತ್ತು: ದೋಣಿಮನೆ ಕೆಡವಿ ಅಲ್ಲಿ ಉಗಿಸ್ನಾನದ ಕೋಣೆ ಕಟ್ಟುವುದು. ಹೊಸಬರ ದೋಣಿಗಳೆಲ್ಲ ಪ್ಲಾಸ್ಟಿಕ್ಕಿನವು, ಅವರಿಗೆ ಟಾರು ಯಾಕೆ ಬೇಕು? ವಿಗೋ ತಿಂಗಳಿಡೀ ಮಂಡಿ ನೋವು ನುಂಗಿಕೊಂಡು ಅದರ ವಿರುದ್ಧ ಮತ ಕೇಳುತ್ತ ಮನೆಮನೆ ಅಲೆದ.

"ಆ ಕಡೆ ಇಪ್ಪತ್ತಮೂರು, ಈ ಕಡೆ ನಿನ್ನನ್ನೂ ಸೇರಿಸಿ ಇಪ್ಪತ್ತಮೂರು," ಎಂದ ಗೆಳೆಯ ಪ್ರೇಬೆನ್. "ಸಮ ಬಂದ್ರೆ ಪ್ರಸ್ತಾವ ಬಿದ್ದೋಗುತ್ತೆ. ಅಷ್ಟು ಸಾಕಲ್ಲ ಮಾರಾಯ."

ಸನ್ಮಾನವೇನಿದ್ದರೂ ಸಭೆಯ ಕೊನೆಗೆ, ಕಾಫಿ ಆದ ಮೇಲೆ. ಈ ಸಲ ಅಧ್ಯಕ್ಷೆ ಬೋಡಿಲ್ ಮೊದಲೇ ಎದ್ದಳು.

"ವಿಗೋ ಅವರ ಮಂಡಿಗೆ ಕೊನೇತನಕ ಕೂರೋದು ಕಷ್ಟ. ಅವರನ್ನ ಗೌರವ ಸದಸ್ಯರು ಮಾಡೋದನ್ನ ಈಗಲೇ ಮುಗಿಸೋಣ. ಒಪ್ತೀರಾ ವಿಗೋ?"

"ಒಪ್ಪದೇ ಇರ್ತೀನಾ," ಎಂದ ಮುದುಕ. ಅರವತ್ತು ವರ್ಷದಲ್ಲಿ ಯಾರೂ ಅವನನ್ನು ಎದ್ದು ನಿಲ್ಲಿಸಿ ಹೊಗಳಿರಲಿಲ್ಲ. ಅವಳು ಅವನ ಕೋಟಿನ ಎದೆಗೆ ಬೆಳ್ಳಿಯ ಲಂಗರಿನ ಬಿಲ್ಲೆ ಚುಚ್ಚಿದಳು, ಸಭೆ ವಾಡಿಕೆಯಂತೆ ಒಂಬತ್ತು ಸಲ ಜಯಕಾರ ಹಾಕಿತು, ವಿಗೋ ಕಣ್ಣೊರೆಸಿಕೊಂಡು ಪುಸ್ತಕದಲ್ಲಿ ಸಹಿ ಮಾಡಿದ. ಬೋಡಿಲ್ ಬೇಕೆಂದೇ ಹಾಗೆ ಮಾಡಿದಳೋ, ನಿಜಕ್ಕೂ ಮಂಡಿಯನ್ನೇ ನೆನೆದಳೋ, ಬೆಂಬಲಿಗರ ಸಾಲಿನಲ್ಲಿ ಕೂತಿದ್ದ ನನಗೆ ಇಂದಿಗೂ ಗೊತ್ತಿಲ್ಲ. ಗೊತ್ತಾಗಿಯೂ ಏನು ಬಂತು?

ಪ್ರಸ್ತಾವವನ್ನು ಮತಕ್ಕೆ ಹಾಕಿದಾಗ ವಿಗೋ ವಿರೋಧಿಸುವವರ ಜೊತೆ ಹಳದಿ ಚೀಟಿ ಎತ್ತಿದ. ಎಣಿಸುತ್ತ ಬಂದ ಬೋಡಿಲ್ ಅವನೆದುರು ನಿಂತು ತಗ್ಗಿದ ದನಿಯಲ್ಲಿ, "ಏಳನೇ ನಿಯಮ ಇದೆಯಲ್ಲ ವಿಗೋ," ಎಂದಳು.

"ಆ ಲಂಗರು ವಾಪಸ್ ತಗೊಳ್ಳಿ, ಅವನಿಗೆ ಬೇಡ," ಎಂದ ಪ್ರೇಬೆನ್.

"ಕೊಡಬಹುದು. ಆದ್ರೆ ಪೂರ್ಣ ಸದಸ್ಯರಾಗೋಕೆ ಹೊಸದಾಗಿ ಅರ್ಜಿ ಹಾಕ್ಬೇಕು. ಅದು ಬರೋ ವರ್ಷದ ಸಭೆಗೆ," ಎಂದಳು ಬೋಡಿಲ್.

"ಕೈ ಇಳಿಸಬೇಡ ಕಣೋ," ಪ್ರೇಬೆನ್ ಪಿಸುಗುಟ್ಟಿದ. "ಯಾವ ಪುಣ್ಯಾತ್ಮ ಬರೆದ ನಿಯಮ ಅದು?"

"ನಾನೇ," ಎಂದು ವಿಗೋ ಕೈ ಇಳಿಸಿದ.

ಇಪ್ಪತ್ತಮೂರು, ಇಪ್ಪತ್ತೆರಡು.

"ಗೌರವ ಸದಸ್ಯರು ಮಾತಾಡಬಹುದು," ಎಂದಳು ಬೋಡಿಲ್, ಮುಖ ಸಪ್ಪಗಾಗಿ. "ಏನಾದ್ರೂ ಹೇಳ್ತೀರಾ?"

ಎಲ್ಲರೂ ಅವನತ್ತ ತಿರುಗಿದರು. ವಿಗೋ ಮೇಜು ಹಿಡಿದು ಎದ್ದ.

"ದೋಣಿಗಳನ್ನ ಯಾವಾಗ ಹೊರಗೆ ತೆಗೀಬೇಕು?"

"ಈಸ್ಟರಿಗೆ ಮುಂಚೆ."

ಅವನು ತಲೆಯಾಡಿಸಿ ಕೂತ.