ಅಣ್ಣನ ಹೆಸರು ಹೇಳಬೇಕಿದ್ದವನು

ಅತ್ತಿಗೆ, ನೀವಿರುವ ಮನೆ ನನ್ನಣ್ಣನ ಹೆಸರಿನಲ್ಲಿಲ್ಲ, ನನ್ನ ಹೆಸರಿನಲ್ಲಿದೆ. ಬರೆಸಿದವನು ನಾನೇ — ನಿಮ್ಮ ಬಾಗಿಲಲ್ಲೇ ನಿಂತು.

ಅಣ್ಣ ಪ್ಲೇಗಿಗೆ ತೀರಿಕೊಂಡ ಮರುವರ್ಷ, ಮನೆಗಳ ಯಜಮಾನರ ಹೆಸರು ದಾಖಲು ಮಾಡಲು ಕಚೇರಿಯವರು ನಂಜನಗೂಡಿನ ನಮ್ಮ ಹೊಳೆಬೀದಿಗೆ ಬಂದರಲ್ಲ. ಅಲ್ಲಿಯವರೆಗೆ ನಮ್ಮಂಥ ಬಡವರ ಬೀದಿಗೆ ಯಾವ ಕಾಗದವಿತ್ತು? "ಈ ಮನೆ ಯಾರದಮ್ಮ?" ಎಂದು ಗುಮಾಸ್ತರು ಕೇಳಿದರು. ಗಂಡನ ಹೆಸರನ್ನು ನೀವು ಬಾಯಿಬಿಟ್ಟು ಹೇಳುವುದುಂಟೇ? ಸತ್ತವನಾದರೂ ಹೇಳುವಂತಿಲ್ಲ. ಸೆರಗೆಳೆದುಕೊಂಡು ನನ್ನ ಕಡೆ ತಿರುಗಿ, "ನೀನೇ ಯೋಳಪ್ಪ," ಎಂದು ಅವರಿಗೆ ಮಜ್ಜಿಗೆ ತರಲು ಒಳಗೆ ಹೋದಿರಿ.

ಮಾದಪ್ಪ ಎನ್ನಬೇಕಿತ್ತು. ನಂಜಪ್ಪ ಎಂದೆ.

ರೋಗ ಹರಡದಿರಲೆಂದು ಸರ್ಕಾರದ ಪ್ಲೇಗಿನವರು ನನ್ನ ಗುಡಿಸಲು ಕೀಳಿಸಿದ್ದರು. ಹೆಂಡತಿ ಮಕ್ಕಳು ಊರಾಚೆಯ ಶೆಡ್ಡಿನಲ್ಲಿದ್ದರು. ಅಲ್ಲಿಂದಲೂ ಓಡಿಸಿದರೆ ಎಂಬ ಭಯ — ಬೇಡ, ಎಲ್ಲವನ್ನೂ ಭಯದ ತಲೆಗೆ ಕಟ್ಟಬಾರದು. ಆಸೆಯೂ ಇತ್ತು. ನೀವು ಬಂದು, "ಅವ್ರೆಸ್ರು ಬರ್ಕೊಂಡ್ರಾ?" ಎಂದಿರಿ. "ಊ ಅತ್ಗೆ," ಎಂದೆ. ನೀವು ಕೊಟ್ಟ ಮಜ್ಜಿಗೆಯನ್ನೂ ಕುಡಿದೆ.

ಅಯ್ಯೋ, ಅಂದಿನಿಂದ ಕಚೇರಿಯ ಜವಾನ ಬೀದಿಗೆ ಕಾಲಿಟ್ಟರೆ ಸಾಕು, ಹಿತ್ತಿಲ ಕಡೆ ಹೋಗಿ ನಿಲ್ಲುತ್ತೇನೆ. ವರ್ಷವರ್ಷ ಅಣ್ಣನಿಗೆ ಎಡೆಯಿಟ್ಟು, "ಮನೆ ನಿಮ್ಮೆಸ್ರಲ್ಲೇ ಅದೆ," ಎನ್ನುತ್ತೀರಿ. ಪಕ್ಕದಲ್ಲಿ ಕೂತ ನಾನು ಎಲೆ ಮಡಚಿ ಏಳುತ್ತೇನೆ.

ಈಗ ನನ್ನ ಮಗ ನರಸೀಪುರದ ಸಾಹುಕಾರರಿಗೆ ಆ ಮನೆ ಮಾರಲು ಮಾತಾಡಿ ಬಂದಿದ್ದಾನೆ. "ಕಚೇರೀಲಿ ಕೇಳ್ಕಂಡ್ ಬಂದಿವ್ನಿ ಕಣಪ್ಪ, ಅದು ನಿಂದೇಯ. ದೊಡ್ಡವ್ವ ಎಲ್ಲಾರ ಇರ್ಲಿ ಬುಡು," ಎಂದ. ಬಯ್ಯಲು ಬಾಯಿ ತೆರೆದೆ — ಯಾವ ಬಾಯಲ್ಲಿ ಬಯ್ಯಲಿ? ಮಾಡಿದ್ದುಣ್ಣೋ ಮಹಾರಾಯ. ಆದರೆ ಮಾಡಿದವನು ನಾನು, ಬೀದಿಗೆ ಬೀಳುವವರು ನೀವು.

ನಾಳೆ ಬೆಳಿಗ್ಗೆ ನನ್ನ ಜೊತೆ ಕಚೇರಿಗೆ ಬನ್ನಿ. ಮನೆಯನ್ನು ನಿಮ್ಮ ಹೆಸರಿಗೆ ರಿಜಿಸ್ಟರು ಮಾಡಿಸುತ್ತೇನೆ. ಗಂಡನ ಹೆಸರೇನು ಎಂದು ಅಲ್ಲಿಯೂ ಕೇಳುತ್ತಾರೆ, ನಾನು ಹೇಳುತ್ತೇನೆ. ಈ ಸಲ ಎಲ್ಲಿಗೂ ಹೋಗಬೇಡಿ ಅತ್ತಿಗೆ, ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳಿ.

ನಿಮಗೆ ಓದು ಬರದು. ಬಾಯಲ್ಲಿ ಹೇಳಲಾರದೆ ಬರೆದ ಈ ಕಾಗದವನ್ನು ಓದಿ ಹೇಳಬೇಕಾದವನೂ ನಾನೇ. ಒಂದೆರಡು ಸಾಲು ಹಾರಿಸಿಬಿಟ್ಟೇನೋ ಎಂದು ನನಗೆ ನನ್ನದೇ ಹೆದರಿಕೆ. ನಿಮ್ಮ ಜಗಲಿಯಲ್ಲೇ ಕೂತಿದ್ದೇನೆ. ಒಳಗೆ ನೀವು ಮಜ್ಜಿಗೆ ಕಡೆಯುವ ಸದ್ದು ಕೇಳುತ್ತಿದೆ. ಲೋಟ ಹಿಡಿದು ಬರುತ್ತೀರಿ — ಓದಿ ಮುಗಿಸುವವರೆಗೆ ಮುಟ್ಟುವುದಿಲ್ಲ. ಆಮೇಲೂ ಕೊಡುವುದು ಬಿಡುವುದು ನಿಮಗೆ ಸೇರಿದ್ದು.